ಎತ್ತಿಗೆ ಸಿಕ್ಕ ನೆರಳು ಡ್ರೈವರ್‌ಗೆ ಯಾಕಿಲ್ಲ?

ಮಳೆ ಹಿಡಿದು ಒಂದು ವಾರವಾದರೆ ಸಾಕು, ನಮ್ಮ ಊರುಗಳ ವಾಟ್ಸಾಪ್ ಗುಂಪಿನಲ್ಲಿ ಜೋಗದ ವಿಡಿಯೊ ಓಡಾಡತೊಡಗುತ್ತದೆ. ಹೆಸರು ಬಿಡಿಸಿ ನಾಲ್ಕು ರೊಕ್ಕ ಕೈಗೆ ಬಂದ ಮೇಲಂತೂ ಕೇಳುವುದೇ ಬೇಡ. ಯಾರೋ ಒಬ್ಬ "ಒಂದ್ ಗಾಡಿ ಮಾಡ್ಸೋಣೇನ್ರಿ?" ಅನ್ನುತ್ತಾನೆ. ಅರ್ಧ ತಾಸಿನಲ್ಲಿ ಪ್ಲ್ಯಾನ್ ತಯಾರು. ಶುಕ್ರವಾರ ರಾತ್ರಿ ಊಟ ಮಾಡಿ ಹತ್ತಕ್ಕೆ ಹೊರಡುವುದು, ಬೆಳಗಾಗುವುದರೊಳಗೆ ಧರ್ಮಸ್ಥಳ. ಅಲ್ಲಿಂದ ಕುಕ್ಕೆ, ಉಡುಪಿ, ಕೊಲ್ಲೂರು, ಮುರುಡೇಶ್ವರ, ಗೋಕರ್ಣ. ಭಾನುವಾರ ರಾತ್ರಿ ಘಟ್ಟ ಹತ್ತಿ ಸೋಮವಾರ ನಸುಕಿಗೆ ಊರು. ಸೋಮವಾರ ಹೊಲದ ಕೆಲಸ ತಪ್ಪಬಾರದಲ್ಲ!

ಈ ಪ್ಲ್ಯಾನಿನಲ್ಲಿ ಎಲ್ಲದಕ್ಕೂ ಜಾಗ ಇರುತ್ತದೆ. ಖಡಕ್ ರೊಟ್ಟಿ ಎಷ್ಟು, ಶೇಂಗಾ ಚಟ್ನಿ ಯಾರ ಮನೆಯದು, ಮಾದ್ಲಿ ಯಾರು ಮಾಡುವುದು, ಯಾವ ಮುದುಕಿಗೆ ಕಿಟಕಿ ಸೀಟು, ಬ್ಲೂಟೂತ್ ಡಬ್ಬಿ ಯಾರು ತರುವುದು, ಎಲ್ಲ ಬರೆದಿರುತ್ತದೆ. ಬರೆಯದೆ ಬಿಟ್ಟಿರುವುದು ಒಂದೇ. ಡ್ರೈವರ್ ಯಾವಾಗ ಮಲಗುತ್ತಾನೆ?

ನಾವು ಜಗಳಕ್ಕೆ ನಿಂತಿರುವುದು ಈ ಒಂದು ಪ್ರಶ್ನೆ ಹಿಡಿದುಕೊಂಡು. ಜಗಳ ಇಬ್ಬರ ಜತೆಗಿದೆ. ಒಂದು, ನಮ್ಮದೇ ಮಂದಿ ಜತೆಗೆ. ಇನ್ನೊಂದು, ಘಟ್ಟದ ಪ್ರವಾಸ ಅಂದರೆ ದುಡ್ಡಿದ್ದವರ ಗಾಡಿ ಮಾತ್ರ ಎಂದು ತಿಳಿದುಕೊಂಡಿರುವ ಸರಕಾರದ ಜತೆಗೆ.

ಮೊದಲು ಸರಕಾರದ ಕಡೆ ನೋಡೋಣ. ಕ್ಯಾರವಾನ್ ಎಂಬ ಗಾಡಿಯ ಹೆಸರು ನೀವು ಕೇಳಿರಬಹುದು. ಅಮೆರಿಕದಲ್ಲಿ ಅದಕ್ಕೆ ಆರ್‌ವಿ ಅನ್ನುತ್ತಾರೆ. ಮನೆಯನ್ನೇ ಗಾಲಿ ಮೇಲೆ ಇಟ್ಟ ಹಾಗೆ. ಒಳಗೆ ಮಂಚ, ಒಲೆ, ಫ್ರಿಜ್, ಸಂಡಾಸು, ನೀರಿನ ಟಾಕಿ. ಗಂಡ-ಹೆಂಡತಿ, ಎರಡು ಮಕ್ಕಳು ಅದರಲ್ಲಿ ಕೂತು ಬೆಟ್ಟದ ದಾರಿಯಲ್ಲಿ ಹೋಗುತ್ತಾರೆ. ಹೊತ್ತು ಮುಳುಗಿದ ಮೇಲೆ ಕ್ಯಾರವಾನ್ ಪಾರ್ಕಿನಲ್ಲಿ ನಿಲ್ಲಿಸಿ ಕರೆಂಟಿನ ವೈರು ಚುಚ್ಚಿ, ನೀರು ತುಂಬಿಸಿ, ಹೊಲಸು ನೀರು ಬಿಡುವಲ್ಲಿ ಬಿಟ್ಟು, ಮಲಗುತ್ತಾರೆ. ಕೇರಳ 2021ರಲ್ಲಿ ಇದಕ್ಕೊಂದು ಯೋಜನೆಯನ್ನೇ ತಂದು ‘ಕೇರವಾನ್ ಕೇರಳ’ ಎಂದು ಹೆಸರಿಟ್ಟಿತು. ನಮ್ಮ ರಾಜ್ಯದ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್ ಪ್ರವಾಸದ ಮಾತು ಬಂದಿದೆ. ಬರಲಿ, ನಮಗೇನು ಹೊಟ್ಟೆಕಿಚ್ಚಿಲ್ಲ. ಆದರೆ ಇದನ್ನು ಹೊಸ ಸಂಗತಿ ಎಂದು ಹೇಳುವಾಗ ನಮಗೆ ನಗು ಬರುತ್ತದೆ.

ಯಾಕೆಂದರೆ ಅಡಿಗೆಮನೆ, ಹಾಸಿಗೆ, ಮುದುಕರು, ಮಕ್ಕಳು ಸಮೇತ ಗಾಲಿಯ ಮೇಲೆ ಕೂತು ಘಟ್ಟದ ಕಾಡಿಗೆ ಹೋಗುವುದನ್ನು ನಮ್ಮ ಧಾರವಾಡ ಸೀಮೆಯ ಒಕ್ಕಲಿಗರಿಗೆ ಯಾರೂ ಕಲಿಸಬೇಕಾಗಿಲ್ಲ. ಉಳವಿ ಜಾತ್ರೆಗೆ ಹೋಗುವ ಚಕ್ಕಡಿ ಏನು ಮತ್ತೆ?

ಗೊತ್ತಿಲ್ಲದ ಹುಡುಗರಿಗೆ ಹೇಳುತ್ತೇವೆ. ಜೋಯಿಡಾ ತಾಲೂಕಿನ ದಟ್ಟ ಕಾಡಿನ ನಡುವೆ ಉಳವಿ ಇದೆ. ಹನ್ನೆರಡನೆಯ ಶತಮಾನದ ಶರಣ, ಬಸವಣ್ಣನ ಅಕ್ಕನ ಮಗ ಚನ್ನಬಸವಣ್ಣನ ಸಮಾಧಿ ಇರುವ ಜಾಗ. ಭಾರತ ಹುಣ್ಣಿಮೆ ಹೊತ್ತಿಗೆ ಅಲ್ಲಿ ತೇರು. ಧಾರವಾಡ, ಬೆಳಗಾವಿ, ಹಾವೇರಿ ಕಡೆಯಿಂದ ಇವತ್ತಿಗೂ ಚಕ್ಕಡಿ ಕಟ್ಟಿಕೊಂಡು ಹೋಗುತ್ತಾರೆ. ಹಳಿಯಾಳ, ದಾಂಡೇಲಿ ದಾಟಿ, ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಅನ್ನಿಸಿಕೊಳ್ಳುವ ಕಾಡಿನ ಏರು-ಇಳಿತ ದಾಟಿ ಹೋಗುವ ದಾರಿ. ಚಕ್ಕಡಿ ಮೇಲೆ ಕೊಲ್ಲಾರಿ, ಕೆಳಗೆ ಹುಲ್ಲಿನ ಮೆತ್ತೆ, ಮೂಲೆಯಲ್ಲಿ ರೊಟ್ಟಿ ಗಂಟು, ಹಿಂದೆ ಕಣಿಕಿ ಸಿವುಡು. ನಮ್ಮ ಕ್ಯಾರವಾನ್ ಅದು. ಅದಕ್ಕೆ ನೀತಿಯೂ ಇರಲಿಲ್ಲ, ಸಬ್ಸಿಡಿಯೂ ಇರಲಿಲ್ಲ.

ಆ ಪ್ರಯಾಣದ ಪ್ಲ್ಯಾನ್ ಹೇಗಿರುತ್ತದೆ, ಒಂದು ಸಲ ನೋಡಿರಿ. ಅದು ಶುರುವಾಗುವುದು ಮನುಷ್ಯರಿಂದ ಅಲ್ಲ, ಎತ್ತಿನಿಂದ. ಹೊರಡುವ ಮೊದಲು ಎತ್ತಿಗೆ ಲಾಳ ಹೊಡೆಸಬೇಕು. ಅಚ್ಚಿಗೆ ಕೀಲೆಣ್ಣೆ ಹಾಕಬೇಕು. ಜೋಡಿ ಸರಿ ಇದೆಯೋ, ಒಂದು ಎತ್ತು ಕುಂಟುತ್ತಿದೆಯೋ ನೋಡಬೇಕು. ದಿನಕ್ಕೆ ಎಷ್ಟು ದೂರ ಅನ್ನುವುದನ್ನು ಎತ್ತಿನ ಕಾಲು ಹೇಳುತ್ತದೆ, ಯಜಮಾನನ ಅವಸರ ಹೇಳುವುದಿಲ್ಲ. ಬಿಸಿಲು ಏರುವುದರೊಳಗೆ ಎಲ್ಲಿ ನೀರಿದೆ, ಎಲ್ಲಿ ನೆರಳಿದೆ ಅಲ್ಲಿ ಎತ್ತು ಬಿಚ್ಚುವುದು. ಮೊದಲು ಅದಕ್ಕೆ ನೀರು, ಮೇವು. ಆಮೇಲೆ ಮಂದಿಯ ಬುತ್ತಿ. ಏರು ಬಂದರೆ ಗಟ್ಟಿಮುಟ್ಟಾದವರು ಕೆಳಗಿಳಿದು ನಡೆಯುವುದು. ಒಂದೇ ಚಕ್ಕಡಿ ಹೋಗುವುದಿಲ್ಲ, ಓಣಿಯ ನಾಲ್ಕಾರು ಸಾಲಾಗಿ ಹೋಗುತ್ತವೆ. ಒಂದರ ಅಚ್ಚು ಮುರಿದರೆ ಉಳಿದವರು ನಿಲ್ಲುತ್ತಾರೆ.

ಈಗ ಕ್ರೂಸರ್ ಪ್ಲ್ಯಾನಿಗೆ ಬನ್ನಿರಿ. ಎಳೆಯುವುದು ಎಂಜಿನ್ನು, ಅದಕ್ಕೆ ದಣಿವಿಲ್ಲ. ಆದ್ದರಿಂದ ಯಾರಿಗೂ ದಣಿವಿಲ್ಲ ಎಂದು ನಾವು ತೀರ್ಮಾನ ಮಾಡಿಬಿಟ್ಟಿದ್ದೇವೆ. ಎತ್ತಿನ ಜಾಗಕ್ಕೆ ಬಂದವನು ಡ್ರೈವರ್. ಅವನಿಗೆ ಲಾಳವೂ ಇಲ್ಲ, ನೆರಳೂ ಇಲ್ಲ. ದೇವರ ದರ್ಶನಕ್ಕೆ ನಾವು ಸಾಲಿನಲ್ಲಿ ನಿಂತಾಗ ಅವನು ಪಾರ್ಕಿಂಗ್ ಜಾಗದಲ್ಲಿ, ಕಾದು ಕಬ್ಬಿಣವಾದ ಗಾಡಿಯಲ್ಲಿ, ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಒಂದು ತಾಸು ಕಣ್ಣು ಮುಚ್ಚಿದರೆ ಅದೇ ಅವನ ನಿದ್ದೆ. ಬುತ್ತಿ ಬಿಚ್ಚಿದಾಗ ಎಲ್ಲರಿಗೂ ಬಡಿಸಿ ಆದ ಮೇಲೆ "ಏ, ಡ್ರೈವರ್‌ಗೆ ಕೊಟ್ರೇನು?" ಎಂದು ಯಾರಿಗೋ ನೆನಪಾಗುತ್ತದೆ. ಎತ್ತಿಗೆ ಮೊದಲು ಮೇವು ಹಾಕುತ್ತಿದ್ದ ಮನೆತನಗಳ ಮಕ್ಕಳು ನಾವು.

ಲೆಕ್ಕ ಹಾಕೋಣ. ನವಲಗುಂದದಿಂದಲೋ ಅಣ್ಣಿಗೇರಿಯಿಂದಲೋ ಹೊರಟು ಧರ್ಮಸ್ಥಳ, ಕುಕ್ಕೆ, ಉಡುಪಿ, ಕೊಲ್ಲೂರು, ಮುರುಡೇಶ್ವರ, ಗೋಕರ್ಣ ಮುಗಿಸಿ ಊರಿಗೆ ಬಂದರೆ ಎಂಟುನೂರು ಕಿಲೋಮೀಟರಿಗಿಂತ ಹೆಚ್ಚೇ ಆಗುತ್ತದೆ. ಘಟ್ಟ, ತಿರುವು, ಊರೊಳಗಿನ ಜನಜಂಗುಳಿ ಎಲ್ಲ ಹಿಡಿದು ತಾಸಿಗೆ ಸರಾಸರಿ ನಲವತ್ತರಂತೆ ಹೋದರೂ ಇಪ್ಪತ್ತು ತಾಸಿಗಿಂತ ಹೆಚ್ಚು ಸ್ಟಿಯರಿಂಗ್ ಹಿಡಿಯಬೇಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ರಾತ್ರಿ. ಅವನು ಶುಕ್ರವಾರ ಹಗಲು ಸುಮ್ಮನೆ ಮನೆಯಲ್ಲಿ ಮಲಗಿದ್ದನೇನು? ಇಲ್ಲ, ಸಂತೆಗೋ ಲಗ್ನಕ್ಕೋ ಬಾಡಿಗೆ ಹೊಡೆದು ಬಂದಿರುತ್ತಾನೆ.

ಕಾನೂನು ಏನು ಹೇಳುತ್ತಿತ್ತು? 2025ರ ತನಕ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಪ್ರಕಾರ ದಿನಕ್ಕೆ ಎಂಟು ತಾಸು, ವಾರಕ್ಕೆ 48 ತಾಸು ಇತ್ತು. ಐದು ತಾಸು ಆಗುವುದರೊಳಗೆ ಕನಿಷ್ಠ ಅರ್ಧ ತಾಸಿನ ವಿರಾಮ. 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಮು ಬಾಡಿಗೆ ಗಾಡಿ, ಸರಕು ಗಾಡಿ ಓಡಿಸುವವರ ಕೆಲಸದ ತಾಸಿಗೆ ಇದೇ ಕಾಯ್ದೆಯ ಕಡೆ ಬೆರಳು ತೋರಿಸುತ್ತದೆ. ಆದರೆ 1961ರ ಕಾಯ್ದೆ ಬರೆದಿದ್ದು ಐದು ಮಂದಿಗಿಂತ ಕಡಿಮೆಯಿಲ್ಲದೆ ಕೆಲಸಗಾರರಿರುವ ಸಾರಿಗೆ ಸಂಸ್ಥೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಕುಂದಗೋಳದ ಬಸ್‌ಸ್ಟ್ಯಾಂಡ್ ಎದುರು ಒಂದೇ ಗಾಡಿ ಇಟ್ಟುಕೊಂಡು ತಾನೇ ಮಾಲಕ, ತಾನೇ ಡ್ರೈವರ್ ಆಗಿ ಫೈನಾನ್ಸ್ ಕಂತು ಕಟ್ಟುವವನ ನಿದ್ದೆಯನ್ನು ಯಾವ ಇನ್‌ಸ್ಪೆಕ್ಟರ್ ಎಣಿಸುತ್ತಾನೆ? ಎಣಿಸುವವರು ಯಾರೂ ಇಲ್ಲ. ಹಾಗಾಗಿ ಗಾಡಿ ಹತ್ತುವವರೇ ಎಣಿಸಬೇಕು.

"ಅವನೇ ಒಪ್ಪಿಕೊಂಡಾನ್ರಿ, ನಾವೇನ್ ಒತ್ತಾಯ ಮಾಡಿಲ್ಲ" ಅನ್ನುವವರು ಬಹಳ. ಒಪ್ಪದೆ ಏನು ಮಾಡುತ್ತಾನೆ? ಅವನು ಒಲ್ಲೆ ಎಂದರೆ ಪಕ್ಕದ ಗಾಡಿಯವನು ಕಿಲೋಮೀಟರಿಗೆ ಒಂದು ರೂಪಾಯಿ ಕಡಿಮೆ ಹೇಳಿ ಬಾಡಿಗೆ ಒಯ್ಯುತ್ತಾನೆ. ಕಂತಿನ ತಾರೀಕು ಮುಂದೆ ಹೋಗುವುದಿಲ್ಲ. ಹೊಟ್ಟೆಪಾಡಿಗೆ ಒಪ್ಪುವುದನ್ನು ಒಪ್ಪಿಗೆ ಎಂದು ಕರೆದು ನಾವು ಕೈ ತೊಳೆದುಕೊಳ್ಳುತ್ತೇವೆ.

ರಾತ್ರಿ ದಾರಿ ಏನು ಮಾಡುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. 2021ರ ಜನವರಿ 15ರ ನಸುಕಿನಲ್ಲಿ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೊ ಟ್ರಾವೆಲರ್ ನಮ್ಮದೇ ಧಾರವಾಡದ ಇಟಿಗಟ್ಟಿ ಬಳಿ ಬೈಪಾಸಿನಲ್ಲಿ ಟಿಪ್ಪರಿಗೆ ಡಿಕ್ಕಿಯಾಯಿತು. ಹತ್ತಕ್ಕೂ ಹೆಚ್ಚು ಮಂದಿ ಹೋದರು. 2022ರ ಮೇ ತಿಂಗಳಲ್ಲಿ ಮನಸೂರಿನ ಕಾರ್ಯ ಮುಗಿಸಿ ರಾತ್ರಿ ಊರಿಗೆ ಮರಳುತ್ತಿದ್ದ ಕ್ರೂಸರ್ ಧಾರವಾಡ ತಾಲೂಕಿನಲ್ಲಿ ಮರಕ್ಕೆ ಬಡಿಯಿತು. ಒಂದೇ ಊರಿನ ಮಂದಿ, ಮಕ್ಕಳೂ ಇದ್ದರು. 2024ರ ಜೂನ್ 28, ಮತ್ತೆ ನಸುಕು. ಸವದತ್ತಿ ಕಡೆಯ ದೇವರು ಮಾಡಿಕೊಂಡು ಭದ್ರಾವತಿ ತಾಲೂಕಿಗೆ ವಾಪಸ್ ಹೊರಟಿದ್ದ ಟ್ರಾವೆಲರ್ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಬಳಿ ನಿಂತ ಲಾರಿಗೆ ಹಿಂದಿನಿಂದ ಬಡಿದು 13 ಮಂದಿ ಹೋದರು. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಕಾಯಿಪಲ್ಲೆ, ಹಣ್ಣು ಹೇರಿಕೊಂಡು ಹೊರಟ ಲಾರಿ ಯಲ್ಲಾಪುರ ತಾಲೂಕಿನ ಅರಬೈಲ್ ಘಟ್ಟದಲ್ಲಿ ಕಂದಕಕ್ಕೆ ಉರುಳಿತು. ಸರಕಿನ ಮೇಲೆ ಕೂತಿದ್ದ 10 ವ್ಯಾಪಾರಿಗಳು ಸತ್ತರು. ಅವರು ಪ್ರವಾಸಕ್ಕೆ ಹೊರಟವರಲ್ಲ, ಹೊಟ್ಟೆಗಾಗಿ ಹೊರಟವರು. ಘಟ್ಟ ಅದನ್ನು ಕೇಳುವುದಿಲ್ಲ.

ಒಂದೊಂದು ಅಪಘಾತಕ್ಕೂ ಕಾರಣ ಬೇರೆ ಬೇರೆ. ಎಲ್ಲದಕ್ಕೂ ನಿದ್ದೆಯೇ ಕಾರಣ ಎಂದು ನಾವು ಹೇಳುತ್ತಿಲ್ಲ. ಇಕ್ಕಟ್ಟಾದ ಬೈಪಾಸು, ದೀಪವಿಲ್ಲದೆ ನಿಂತ ಲಾರಿ, ಮಂಜು, ಹೆಚ್ಚಿನ ಭಾರ ಎಲ್ಲವೂ ಸೇರುತ್ತವೆ. ಆದರೆ ಹೊತ್ತು ನೋಡಿರಿ, ಮಧ್ಯರಾತ್ರಿ ಇಲ್ಲವೆ ನಸುಕು. ಎಚ್ಚರವಿದ್ದವನೂ ತೂಕಡಿಸುವ ಹೊತ್ತು.

ಇದರಲ್ಲಿ ಒಂದು ಹುಚ್ಚುತನವೂ ಇದೆ. ನಾವು ಹೊರಟಿದ್ದು ಯಾತಕ್ಕೆ? ಘಟ್ಟ ನೋಡಲಿಕ್ಕೆ. ಹಸಿರು, ಮಂಜು, ಝರಿ. ಆ ಘಟ್ಟವನ್ನು ದಾಟುವುದು ಯಾವಾಗ? ರಾತ್ರಿ ಎರಡು ಗಂಟೆಗೆ, ಕಿಟಕಿಗೆ ಟವೆಲ್ ಕಟ್ಟಿಕೊಂಡು, ಬಾಯಿ ತೆರೆದು ಮಲಗಿರುವಾಗ. ಹೋಗುವಾಗಲೂ ಕತ್ತಲು, ಬರುವಾಗಲೂ ಕತ್ತಲು. ಊರಿಗೆ ಬಂದು "ಘಟ್ಟ ನೋಡಿ ಬಂದ್ವಿ" ಅನ್ನುತ್ತೇವೆ. ನೋಡಿದ್ದು ಡ್ರೈವರ್ ಒಬ್ಬನೇ, ಅದೂ ಹೆಡ್‌ಲೈಟಿನ ಬೆಳಕಿನಷ್ಟು.

ಇನ್ನೊಂದು ಮಾತು, ಇದು ನಮ್ಮ ಯರಿಭೂಮಿಯ ಡ್ರೈವರ್‌ಗಳಿಗೆ. ನವಲಗುಂದ, ಅಣ್ಣಿಗೇರಿ ಕಡೆಯ ರಸ್ತೆ ದಾರ ಹಿಡಿದು ಎಳೆದ ಹಾಗೆ ನೆಟ್ಟಗಿದೆ. ಅಲ್ಲಿ ಹತ್ತು ವರ್ಷ ಓಡಿಸಿದ ಕೈ ಘಟ್ಟದಲ್ಲಿ ಹೊಸ ಕೈ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಗಾಡಿ ನ್ಯೂಟ್ರಲ್ ಮಾಡುವ ಚಟ ಕೆಲವರಿಗೆ ಇದೆ. ಅದನ್ನು ಘಟ್ಟದಲ್ಲಿ ಮಾಡಿದರೆ ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಒತ್ತಿ ಒತ್ತಿ ಬ್ರೇಕು ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ, ಆಮೇಲೆ ಕಾಲಿಟ್ಟರೂ ಹಿಡಿಯುವುದಿಲ್ಲ. ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಎಂದು ಹಳೆಯ ಲಾರಿ ಡ್ರೈವರ್‌ಗಳು ಹೇಳಿಕೊಡುವುದು ಇದಕ್ಕೇ. ಇಕ್ಕಟ್ಟಾದ ಘಟ್ಟದ ದಾರಿಯಲ್ಲಿ ಏರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು, ಅದು ಬರೀ ಮರ್ಯಾದೆ ಅಲ್ಲ, ನಿಯಮ. ಸುಟ್ಟ ವಾಸನೆ ಬಂದರೆ ಒಳಗೆ ಕೂತವರು ಮೂಗು ಮುಚ್ಚಿಕೊಳ್ಳಬಾರದು, ಬಾಯಿ ಬಿಟ್ಟು "ಗಾಡಿ ನಿಲ್ಸೋ ಅಣ್ಣಾ" ಅನ್ನಬೇಕು.

ದಾರಿ ತೆರೆದಿದೆಯೋ ಇಲ್ಲವೋ ಅನ್ನುವುದನ್ನೂ ಮೊದಲೇ ಕೇಳಬೇಕು. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಟ್ಟ ಬಂದ್ ಆಗಿತ್ತು, ಆಮೇಲೆ ಭಾರಿ ಗಾಡಿಗಳಿಗೆ ನಿರ್ಬಂಧ ಬಂತು. ಆಗುಂಬೆಯ ತಿರುವುಗಳಲ್ಲೂ ಭಾರಿ ಗಾಡಿ ಬಿಡುವುದಿಲ್ಲ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳ ಆದೇಶ ಯಾವಾಗ ಬೇಕಾದರೂ ಬದಲಾಗುತ್ತದೆ. ರಾತ್ರಿ ಹನ್ನೆರಡಕ್ಕೆ ಬ್ಯಾರಿಕೇಡ್ ಎದುರು ನಿಂತು, ಗೊತ್ತಿಲ್ಲದ ಇನ್ನೊಂದು ಘಟ್ಟಕ್ಕೆ ಗಾಡಿ ತಿರುಗಿಸುವುದು ಯಾವ ಪ್ಲ್ಯಾನು?

ಗಾಡಿಯ ವಿಷಯಕ್ಕೆ ಬಂದರೆ ನಾವು ಬೈಯಲೇಬೇಕಾದ ಮೂರು ಸಂಗತಿ ಇವೆ. ಹನ್ನೆರಡು-ಹದಿಮೂರು ಮಂದಿಯ ಕ್ರೂಸರಿನಲ್ಲಿ ಇಪ್ಪತ್ತು ಮಂದಿ, ಮೇಲೆ ಕ್ಯಾರಿಯರ್ ತುಂಬ ಗಂಟು. ಇದು ಎಲ್ಲರಿಗೂ ಗೊತ್ತು, ಮತ್ತೆ ಹೇಳುವುದಿಲ್ಲ. ಎರಡನೆಯದು ಬಿಳಿ ಬೋರ್ಡಿನ ಗಾಡಿ. ಖಾಸಗಿ ಎಂದು ನೋಂದಣಿಯಾದ ಗಾಡಿಯನ್ನು ಬಾಡಿಗೆಗೆ ಓಡಿಸಿ ಏನಾದರೂ ಆದರೆ ವಿಮಾ ಕಂಪನಿ ಮೊದಲು ತಕರಾರು ತೆಗೆಯುವುದು ಅಲ್ಲೇ. ಸರಕು ಗಾಡಿಯ ಕಥೆ ಇನ್ನೂ ಕೆಟ್ಟದ್ದು. ಟಾಟಾ ಏಸ್, ಲಾರಿಯಲ್ಲಿ ಪುಕ್ಕಟೆ ಕೂತು ಹೋಗುವ ಪ್ರಯಾಣಿಕರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟು 2002ರ ಆಶಾರಾಣಿ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಟ್ರ್ಯಾಕ್ಟರ್ ಟ್ರೇಲರಿಗೆ ಬಿದಿರು ಕಟ್ಟಿ ತಾಡಪತ್ರಿ ಹೊದಿಸಿ, ಗಾದಿ ಹಾಸಿ ಹೊರಡುತ್ತೇವಲ್ಲ, ಅದರ ಪಾಲಿಸಿ ಒಮ್ಮೆ ತೆಗೆದು ಓದಿರಿ. ಒಕ್ಕಲುತನದ ಕೆಲಸಕ್ಕೆ ಎಂದು ಬರೆದಿರುತ್ತದೆ. ಎರಡು ನಿಮಿಷ ತೆಗೆದುಕೊಂಡು ಗಾಡಿಯ ಆರ್‌ಸಿ, ವಿಮೆ, ಪರ್ಮಿಟ್ ಕಾಗದಗಳ ಫೋಟೊ ಹೊಡೆದು ಗುಂಪಿಗೆ ಹಾಕಿದರೆ ಯಾರ ಗಂಟೂ ಹೋಗುವುದಿಲ್ಲ.

ಮೂರನೆಯದು ಗ್ಯಾಸ್. ದಾರಿಯಲ್ಲಿ ಚಹಾ ಕಾಸಲೆಂದು ಸಣ್ಣ ಸಿಲಿಂಡರ್ ಸೀಟಿನ ಕೆಳಗೆ ಸೇರಿಸುತ್ತೇವೆ. 2023ರ ಆಗಸ್ಟ್ 26ರಂದು ಮದುರೈಯಲ್ಲಿ ನಿಂತಿದ್ದ ರೈಲು ಡಬ್ಬಿಯಲ್ಲಿ, ಉತ್ತರ ಪ್ರದೇಶದಿಂದ ಯಾತ್ರೆಗೆ ಬಂದವರು ಹೀಗೇ ಕದ್ದು ಒಯ್ದ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಮಂದಿ ಸತ್ತರು. ರೈಲಿಗೆ ಎರಡು ಕಡೆ ಬಾಗಿಲು. ಕ್ರೂಸರಿನ ಹಿಂದಿನ ಸೀಟಿನವರಿಗೆ ಇರುವುದು ಒಂದೇ, ಅದರ ಎದುರೂ ಗಂಟು ಒಟ್ಟಿರುತ್ತದೆ.

ಇಷ್ಟು ಹೊತ್ತು ನಮ್ಮ ಮಂದಿಯನ್ನು ಬೈದೆವು. ಈಗ ತಿರುಗೋಣ.

ಎತ್ತು ಬಿಚ್ಚಲು ಹಿಂದಿನವರಿಗೆ ಜಾಗ ಇತ್ತು. ಕೆರೆ ದಂಡೆ, ಬಾವಿ, ಊರ ಮುಂದಿನ ಕಟ್ಟೆ, ಮಠದ ಅಂಗಳ, ಧರ್ಮಶಾಲೆ. ಪುಣ್ಯಕ್ಕೆ ಎಂದು ಯಾರೋ ಕಟ್ಟಿಸಿದ್ದು. ಈಗ ರಾಷ್ಟ್ರೀಯ ಹೆದ್ದಾರಿ 52 ನವಲಗುಂದವನ್ನೂ ಕಲಘಟಗಿಯನ್ನೂ ಮುಟ್ಟಿಕೊಂಡು ಯಲ್ಲಾಪುರ, ಅಂಕೋಲಾಕ್ಕೆ ಹೋಗುತ್ತದೆ. ಹುಬ್ಬಳ್ಳಿ ಬಿಟ್ಟರೆ ಅಂಕೋಲಾ ಸುಮಾರು 140 ಕಿಲೋಮೀಟರ್. ಈ ದಾರಿಯಲ್ಲಿ ಡ್ರೈವರ್ ಒಬ್ಬ ಗಾಡಿ ನಿಲ್ಲಿಸಿ ಎರಡು ತಾಸು ಬೆನ್ನು ಚಾಚಲು ಸರಕಾರ ಕಟ್ಟಿದ ಜಾಗ ಎಲ್ಲಿದೆ, ನೀವು ಆ ದಾರಿಯಲ್ಲಿ ಹೋದವರು ತೋರಿಸಿರಿ. ಹೋಟೆಲಿನ ಎದುರು ನಿಲ್ಲಬಹುದು, ತಿಂದರೆ ಮಾತ್ರ. ನಮ್ಮ ಬುತ್ತಿ ಬಿಚ್ಚಿದರೆ ಮಾಲಕನ ಮುಖ ಬದಲಾಗುತ್ತದೆ. ಅವನದೂ ತಪ್ಪಲ್ಲ.

ಇದರ ಬಿಸಿ ಹೆಚ್ಚು ತಟ್ಟುವುದು ಹೆಣ್ಣುಮಕ್ಕಳಿಗೆ. ಪ್ರವಾಸದ ದಿನ ಬೆಳಗಿನಿಂದ ನೀರು ಕುಡಿಯದ ತಾಯಂದಿರನ್ನು ನೀವು ನೋಡಿಲ್ಲವೇ? ಬಾಯಾರಿಕೆ ಇಲ್ಲವೆಂದಲ್ಲ, ಮುಂದೆ ಎಲ್ಲಿ ಹೋಗುವುದು ಎಂದು. ಗಂಡಸರು ರಸ್ತೆ ಬದಿ ತಿರುಗಿ ನಿಂತುಬಿಡುತ್ತಾರೆ. ಹೆಣ್ಣುಮಕ್ಕಳು ಕತ್ತಲಾಗುವುದನ್ನು ಕಾಯುತ್ತಾರೆ, ಇಲ್ಲವೆ ಕಾಡಿನೊಳಗೆ ನಾಲ್ಕು ಮಂದಿ ಸೀರೆ ಅಡ್ಡ ಹಿಡಿದು ನಿಲ್ಲುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯ ಹೆಣ್ಣುಮಕ್ಕಳು ಊರು ಬಿಟ್ಟು ದೇವರು, ಘಟ್ಟ ನೋಡಲು ಹೊರಟಿದ್ದಾರೆ. ಅದು ನಮಗೆ ಖುಷಿ. ಟಿಕೆಟ್ ಪುಕ್ಕಟೆ ಮಾಡಿದ ಸರಕಾರಕ್ಕೆ ದಾರಿಯಲ್ಲಿ ಒಂದು ಶುದ್ಧ ಸಂಡಾಸು ಕಟ್ಟಿಸುವುದು ಅಷ್ಟು ದೊಡ್ಡ ಮಾತೇ? ಕ್ಯಾರವಾನಿನವರಿಗೆ ಸಂಡಾಸು ಗಾಡಿಯಲ್ಲೇ ಇದೆ. ಇಲ್ಲದವರಿಗೆ ಕಟ್ಟಿಸುವುದು ಬಿಟ್ಟು ಇದ್ದವರಿಗೆ ಪಾರ್ಕು ಮಾಡುವ ಲೆಕ್ಕ ನಮಗೆ ತಿಳಿಯುತ್ತಿಲ್ಲ.

ನಿಲ್ಲುವ ಜಾಗ ಇಲ್ಲದಿದ್ದರೆ ಏನಾಗುತ್ತದೆ? ಸಿಕ್ಕಲ್ಲಿ ನಿಲ್ಲುತ್ತಾರೆ. ಅಂಕೋಲಾದ ಶಿರೂರು ನೆನಪಿದೆಯಲ್ಲ. 2024ರ ಜುಲೈ 16ರಂದು ಹೆದ್ದಾರಿ 66ರ ಪಕ್ಕದ ಕಡಿದ ಗುಡ್ಡ ಜಾರಿತು. ರಸ್ತೆ ಬದಿ ಒಂದು ಚಹಾದ ಅಂಗಡಿ ಇತ್ತು. ಲಾರಿ ಡ್ರೈವರ್‌ಗಳು ಅಲ್ಲಿ ನಿಲ್ಲುತ್ತಿದ್ದರು. ಅಂಗಡಿ ನಡೆಸುತ್ತಿದ್ದ ಮನೆಮಂದಿ, ದಾರಿಹೋಕರು, ಡ್ರೈವರ್‌ಗಳು ಮಣ್ಣಿನ ಜತೆ ಗಂಗಾವಳಿ ಹೊಳೆಗೆ ಹೋದರು. ಕೇರಳದ ಒಬ್ಬ ಲಾರಿ ಡ್ರೈವರನ ದೇಹ ಲಾರಿ ಸಮೇತ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಕಡಿದ ಗುಡ್ಡದ ಬುಡ ನಿಲ್ಲುವ ಜಾಗ ಅಲ್ಲ ಎಂದು ಹೇಳುವುದು ಸುಲಭ. ಹಾಗಾದರೆ ನಿಲ್ಲುವ ಜಾಗ ಯಾವುದು ಎಂದು ಹೇಳಬೇಕಾದವರು ಬಾಯಿ ಬಿಡುವುದಿಲ್ಲ.

2024ರ ಫೆಬ್ರುವರಿಯಲ್ಲಿ ಪ್ರಧಾನಮಂತ್ರಿಗಳು ಟ್ರಕ್, ಟ್ಯಾಕ್ಸಿ ಡ್ರೈವರ್‌ಗಳಿಗಾಗಿ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಮೊದಲ ಹಂತದಲ್ಲಿ 1000 ವಿಶ್ರಾಂತಿ ಭವನ ಕಟ್ಟುತ್ತೇವೆ ಎಂದು ದಿಲ್ಲಿಯಲ್ಲಿ ಹೇಳಿದರು. ಒಳ್ಳೆಯ ಮಾತು. ಸಾವಿರದಲ್ಲಿ ಒಂದು ಕಲಘಟಗಿಯಲ್ಲಿ, ಕಾಡು ಶುರುವಾಗುವ ಮೊದಲು ಬರಲಿ. ಇನ್ನೊಂದು ಯಲ್ಲಾಪುರದಲ್ಲಿ, ಅರಬೈಲ್ ಇಳಿಯುವ ಮೊದಲು. ದೊಡ್ಡ ಮಾಲ್ ಬೇಡ, ಗಾಜಿನ ಹೋಟೆಲ್ ಬೇಡ. ಒಂದು ಎಕರೆ ಸಪಾಟು ಜಾಗ, ನಾಲ್ಕು ಬೇವಿನ ಗಿಡ, ಕುಡಿಯುವ ನೀರಿನ ನಳ, ಬಾಗಿಲಿರುವ ಸಂಡಾಸು, ಬುತ್ತಿ ಬಿಚ್ಚಲು ಕಟ್ಟೆ, ಒಲೆ ಹಚ್ಚಲು ಗಾಳಿಗೆ ಮರೆಯಾದ ಗೋಡೆ, ಡ್ರೈವರ್‌ಗೆ ಫ್ಯಾನ್ ಇರುವ ಒಂದು ಕೋಣೆ. ಕಸಕ್ಕೆ ತೊಟ್ಟಿಯೂ ಬೇಕು. ಯಾಣ, ಮಾಗೋಡಿನ ದಾರಿಯಲ್ಲಿ ಪ್ಲಾಸ್ಟಿಕ್ ತಾಟು, ಲೋಟ ಚೆಲ್ಲಿ ಬರುವುದರಲ್ಲಿ ನಮ್ಮ ಬಯಲುಸೀಮೆ ಗಾಡಿಗಳೂ ಕಡಿಮೆ ಇಲ್ಲ. ಮಲೆನಾಡಿನವರು ನಮ್ಮನ್ನು ಬೈಯುವುದರಲ್ಲಿ ನ್ಯಾಯವಿದೆ.

"ದುಡ್ಡಿಲ್ಲದ ಮಂದಿ ಒಂದು ಸಲ ಹೊರಗೆ ಹೋದರೆ ನಿಮಗೇನು ಕಷ್ಟ? ಲಾಡ್ಜಿಗೆ ಕೊಡೋರು ಯಾರು?" ಎಂದು ಕೇಳುತ್ತೀರಿ. ಸರಿ, ದುಡ್ಡಿನ ಲೆಕ್ಕವೇ ಮಾಡೋಣ. ಒಂದು ದಿನ ಹೆಚ್ಚು ಹಿಡಿದರೆ ಗಾಡಿಗೆ, ಡ್ರೈವರ್ ಭತ್ತೆಗೆ ಸೇರಿ ಮೂರು ಸಾವಿರ ಹೆಚ್ಚಾಯಿತು ಎಂದೇ ಹಿಡಿಯಿರಿ. ಹನ್ನೆರಡು ಮಂದಿಗೆ ಹಂಚಿದರೆ ತಲೆಗೆ 250 ರೂಪಾಯಿ. ಮಲಗಲು ಕ್ಷೇತ್ರಗಳಲ್ಲಿ ಕಡಿಮೆ ದರದ ವಸತಿ ಇದೆ, ಹಲವು ಮಠಗಳಲ್ಲಿ ಚಾಪೆ ಇದೆ. ಮಗನ ಮೊಬೈಲಿಗೆ ಒಂದು ತಿಂಗಳು ಹಾಕಿಸುವ ರೊಕ್ಕ ಇದು.

ಅದೂ ಆಗದಿದ್ದರೆ ದೂರ ಕಡಿಮೆ ಮಾಡಿರಿ. ಎರಡು ದಿನದಲ್ಲಿ ಆರು ದೇವರು ಮಾಡಬೇಕೆಂದು ಯಾವ ದೇವರೂ ಹೇಳಿಲ್ಲ. ಕಲಘಟಗಿ ಮೇಲೆ ಯಲ್ಲಾಪುರಕ್ಕೆ ಹುಬ್ಬಳ್ಳಿಯಿಂದ ಎಪ್ಪತ್ತು ಕಿಲೋಮೀಟರ್. ಅಲ್ಲಿಂದ ಇಪ್ಪತ್ತರ ಆಚೀಚೆ ಮಾಗೋಡು ಜಲಪಾತ, ಹತ್ತಿರವೇ ಜೇನುಕಲ್ಲು ಗುಡ್ಡ. ಬೆಳಗ್ಗೆ ಆರಕ್ಕೆ ರೊಟ್ಟಿ ಕಟ್ಟಿಕೊಂಡು ಹೊರಟರೆ ಹೊತ್ತು ಮುಳುಗುವುದರೊಳಗೆ ಹುಬ್ಬಳ್ಳಿ ಮುಟ್ಟಬಹುದು. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಕೂಡುತ್ತದೆ, ಬೇಡ್ತಿ ಮಾಗೋಡಿನಲ್ಲಿ ಧುಮುಕಿ ಗಂಗಾವಳಿಯಾಗಿ ಸಮುದ್ರಕ್ಕೆ ಹೋಗುತ್ತದೆ. ನಮ್ಮ ಜಿಲ್ಲೆಯ ನೀರು ಬೀಳುವುದನ್ನೇ ಹಗಲು ಬೆಳಕಿನಲ್ಲಿ ನಿಂತು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಜೋಗವೇ ಬೇಕೆಂದರೆ ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಯವರು ಮಳೆಗಾಲದಲ್ಲಿ ಹುಬ್ಬಳ್ಳಿಯಿಂದ ರಜಾದಿನಗಳಂದು ವಿಶೇಷ ಬಸ್ಸು ಬಿಡುತ್ತಾರೆ. ಇಡೀ ಓಣಿ ಹೊರಡುವುದಾದರೆ ಡಿಪೊದಲ್ಲಿ ಬಸ್ಸನ್ನೇ ಕರಾರಿಗೆ ಕೇಳಬಹುದು. ಆ ಡ್ರೈವರ್‌ಗೆ ಡ್ಯೂಟಿ ಲೆಕ್ಕ ಬರೆಯುವ ಆಫೀಸು ಇದೆ.

ಬಾಡಿಗೆ ಮಾತಾಡುವಾಗ ಮೊದಲು ಕೇಳಬೇಕಾದ್ದು ಕಿಲೋಮೀಟರ್ ದರ ಅಲ್ಲ. "ಅಣ್ಣಾ, ನಿನ್ನೆ ರಾತ್ರಿ ಎಲ್ಲಿ ಮಲಗಿದ್ದಿ? ಘಟ್ಟ ಎಷ್ಟು ಸಲ ಇಳಿದೀ?" ಎಂದು ಕೇಳಿರಿ. ರಾತ್ರಿ ಹತ್ತರಿಂದ ಬೆಳಗಿನ ಐದರ ತನಕ ಗಾಡಿ ನಿಲ್ಲುತ್ತದೆ ಎಂದು ಮೊದಲೇ ಮಾತಾಗಲಿ. ಸ್ತ್ರೀಶಕ್ತಿ ಸಂಘದ ಅಕ್ಕಂದಿರು ಪ್ರವಾಸ ಮಾಡುವಾಗ ಇದನ್ನು ಠರಾವಿನ ಪುಸ್ತಕದಲ್ಲಿ ಬರೆದರೆ ಇನ್ನೂ ಚಲೋ, ಅವರು ಬರೆದದ್ದನ್ನು ಗಂಡಸರು ಮುರಿಯುವುದು ಕಷ್ಟ. ಬುತ್ತಿ ಬಿಚ್ಚಿದಾಗ ಮೊದಲ ತಾಟು ಡ್ರೈವರ್‌ಗೆ ಹೋಗಲಿ. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033, ಪೆಟ್ಟಾದರೆ 108. ಇವೆರಡು ಅಂಕಿ ಎಲ್ಲರ ಮೊಬೈಲಿನಲ್ಲೂ ಇರಲಿ, ಘಟ್ಟದ ಕೆಲವು ಕಡೆ ಸಿಗ್ನಲ್ ಸಿಗುವುದಿಲ್ಲ ಅನ್ನುವುದೂ ನೆನಪಿರಲಿ.

ಬರುವ ಭಾರತ ಹುಣ್ಣಿಮೆಗೆ ನಿಮ್ಮ ಊರಿನಿಂದ ಉಳವಿಗೆ ಚಕ್ಕಡಿ ಹೊರಡುತ್ತಿದ್ದರೆ ನಮಗೆ ತಿಳಿಸಿರಿ. ಎಲ್ಲೆಲ್ಲಿ ಎತ್ತು ಬಿಚ್ಚುತ್ತೀರಿ, ಅಲ್ಲಿ ನೀರು ಇದೆಯೇ, ನೆರಳು ಇದೆಯೇ, ಕ್ರೂಸರ್ ನಿಲ್ಲಿಸುವಷ್ಟು ಜಾಗ ಇದೆಯೇ, ಇಷ್ಟು ಬರೆದು ಕಳಿಸಿದರೆ ಸಾಕು. ಫೋಟೊ ಇದ್ದರೆ ಕಳಿಸಿರಿ. ಅದನ್ನೆಲ್ಲ ಒಂದು ನಕಾಶೆಯಲ್ಲಿ ಗುರುತು ಹಾಕಿ ಕಲಘಟಗಿ, ಹಳಿಯಾಳ ತಹಶೀಲ್ದಾರರಿಗೂ ಹೆದ್ದಾರಿಯವರಿಗೂ ನಾವೇ ಅರ್ಜಿ ಬರೆದು ಕೊಟ್ಟು, ಸ್ವೀಕೃತಿ ಸಿಕ್ಕ ಪ್ರತಿಯನ್ನು ಇಲ್ಲೇ ಹಾಕುತ್ತೇವೆ.